ಹಳೇ ಲ್ಯಾಪ್‌ಟಾಪ್ ಕೈಕೊಟ್ಟಿತಾ? ಮೊದಲು ಅದರ ದೂರು ಕೇಳಿ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಲ್ಯಾಪ್‌ಟಾಪಿನ ಮುಚ್ಚಳ ಎತ್ತುವಾಗ ಬಲ ಮೂಲೆಯಲ್ಲಿ ‘ಟಕ್’ ಅಂತ ಸದ್ದಾಯಿತು. ಹಿಂಜ್, ಅಂದರೆ ಮುಚ್ಚಳದ ಕೀಲು, ಕಿತ್ತು ಬಂದಿತ್ತು. ಪರದೆ ಒಂದು ಕಡೆ ವಾಲಿ ನಿಂತು ಸ್ವಲ್ಪ ಹೊತ್ತು ಮಿನುಗಿತು, ಆಮೇಲೆ ಕಪ್ಪಾಯಿತು. 2017ರಲ್ಲಿ ಕೊಂಡಿದ್ದು. ನಾನು ಶಿರಸಿಯಲ್ಲಿ ಕೂತು ಅನುವಾದ, ಕರಡು ತಿದ್ದುವ ಕೆಲಸ ಮಾಡುವವನು. ಮಾರನೇ ದಿನ ಸಂಜೆಯೊಳಗೆ ನಲವತ್ತು ಪುಟ ಕಳಿಸಬೇಕಿತ್ತು.

ಅವತ್ತು ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಫೋನ್ ತೆಗೆದು ಹೊಸ ಲ್ಯಾಪ್‌ಟಾಪ್‌ಗಳ ಬೆಲೆ ನೋಡಿದ್ದು. ಹಾಗೆ ಮಾಡಬಾರದಿತ್ತು. ಗಾಬರಿಯಲ್ಲಿ ಇರುವವನಿಗೆ ಕಾಣುವುದು ರಿಯಾಯಿತಿ ಎಷ್ಟು ಪರ್ಸೆಂಟ್ ಅನ್ನುವುದು ಮಾತ್ರ. ಊರಿನಲ್ಲಿ ನಾಲ್ಕು ಜನರ ಕಂಪ್ಯೂಟರ್ ನೋಡಿಕೊಡುವ ಅಭ್ಯಾಸ ಇರುವುದರಿಂದ, ಹಾಗೆ ಕೊಂಡ ಲ್ಯಾಪ್‌ಟಾಪ್‌ಗಳು ಆಮೇಲೆ ಏನಾಗುತ್ತವೆ ಅಂತಲೂ ನನಗೆ ಗೊತ್ತು. ಪರದೆ ಮಂಕು. ರ‍್ಯಾಮ್ ಎಂಬ ಕೆಲಸದ ಮೆಮೊರಿ ಹೆಚ್ಚಿಸಲು ಜಾಗವಿಲ್ಲ. ಸರ್ವಿಸ್ ಸೆಂಟರ್ ನೂರು ಕಿಲೋಮೀಟರ್ ದೂರ.

ಒಂದು ದಿನ ತಡೆದು, ಹಳೆಯದು ಏಕೆ ಸತ್ತಿತು, ಬದುಕಿದ್ದಾಗ ಯಾವುದಕ್ಕೆ ಕಾಡುತ್ತಿತ್ತು ಅಂತ ಬರೆದುಕೊಂಡರೆ ಅರ್ಧ ಕೆಲಸ ಮುಗಿಯಿತು. ಆ ಕ್ರಮವನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಹೆಜ್ಜೆ 1: ಯಂತ್ರ ಹೋದರೆ ಹೋಗಲಿ, ಫೈಲ್ ಉಳಿಸಿ

ಪರದೆ ಕಪ್ಪಾದ ಮಾತ್ರಕ್ಕೆ ಲ್ಯಾಪ್‌ಟಾಪ್ ಸತ್ತಿದೆ ಅಂತಲ್ಲ. ಫ್ಯಾನ್ ಸದ್ದು ಕೇಳುತ್ತಿದ್ದರೆ, ಕ್ಯಾಪ್ಸ್ ಲಾಕ್ ಕೀಲಿ ಒತ್ತಿದಂತೆಲ್ಲ ಅದರ ದೀಪ ಹತ್ತಿ ಆರುತ್ತಿದ್ದರೆ ಒಳಗೆ ಎಲ್ಲ ನಡೆಯುತ್ತಿದೆ. ಕತ್ತಲೆ ಕೋಣೆಯಲ್ಲಿ ಪರದೆಗೆ ಓರೆಯಾಗಿ ಟಾರ್ಚ್ ಹಿಡಿದು ನೋಡಿ. ಚಿತ್ರ ಮಸುಕಾಗಿ ಕಂಡರೆ ಕೆಟ್ಟಿರುವುದು ಹಿಂಬೆಳಕು ಅಷ್ಟೇ. ಮನೆಯ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿ, ವಿಂಡೋಸ್ ಕೀಲಿಯ ಜೊತೆ ಪಿ ಒತ್ತಿ. ನನ್ನ ನಲವತ್ತು ಪುಟ ಹೋಗಿದ್ದು ಹೀಗೆ, ಹಾಲ್‌ನ ಟಿವಿ ಮುಂದೆ ಸ್ಟೂಲ್ ಹಾಕಿಕೊಂಡು ಕೂತು.

ಲ್ಯಾಪ್‌ಟಾಪ್ ಆನ್ ಆಗುವುದೇ ಇಲ್ಲವಾ? ಆಗಲೂ ಡಿಸ್ಕ್ ಚೆನ್ನಾಗಿರುವ ಸಾಧ್ಯತೆ ಜಾಸ್ತಿ. ಅದನ್ನು ಬಿಚ್ಚಿ ಯುಎಸ್‌ಬಿ ಎನ್‌ಕ್ಲೋಷರ್ ಎಂಬ ಸಣ್ಣ ಡಬ್ಬಿಯಲ್ಲಿ ಹಾಕಿದರೆ ಪೆನ್‌ಡ್ರೈವ್‌ನಂತೆ ಬೇರೆ ಕಂಪ್ಯೂಟರಿನಲ್ಲಿ ತೆರೆಯುತ್ತದೆ. ಹಳೇ ಎರಡೂವರೆ ಇಂಚಿನ ಡಿಸ್ಕ್‌ಗೆ ಒಂದು ಬಗೆಯ ಡಬ್ಬಿ, ಚೂಯಿಂಗ್ ಗಮ್ ಪಟ್ಟಿಯಂತಿರುವ ಎಂ.2 ಡಿಸ್ಕ್‌ಗೆ ಇನ್ನೊಂದು. ಎಂ.2ರಲ್ಲೂ ಸಾಟಾ, ಎನ್‌ವಿಎಂಇ ಅಂತ ಎರಡು ಜಾತಿ ಇವೆ. ಹಾಗಾಗಿ ಡಿಸ್ಕನ್ನೇ ಅಂಗಡಿಗೆ ಒಯ್ದು ತೋರಿಸಿ.

ಇಲ್ಲಿ ಬಹಳ ಜನ ಎಡವುವ ಒಂದು ಜಾಗ ಇದೆ. ಈಚಿನ ವಿಂಡೋಸ್ ಲ್ಯಾಪ್‌ಟಾಪ್‌ಗಳು ನಿಮ್ಮನ್ನು ಕೇಳದೆಯೇ ಡಿಸ್ಕನ್ನು ಬಿಟ್‌ಲಾಕರ್‌ನಿಂದ ಬೀಗ ಹಾಕಿಟ್ಟಿರುತ್ತವೆ. ಅಂಥ ಡಿಸ್ಕನ್ನು ಬೇರೆ ಕಡೆ ಹಾಕಿದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಆ ಖಾತೆಯ ಪಾಸ್‌ವರ್ಡೂ ಮರೆತಿದ್ದರೆ, ಮಗುವಿನ ನಾಮಕರಣದ ಫೋಟೋಗಳು ಡಿಸ್ಕಿನಲ್ಲೇ ಇದ್ದರೂ ನಿಮಗೆ ಸಿಗುವುದಿಲ್ಲ. ನಿಮ್ಮ ಲ್ಯಾಪ್‌ಟಾಪ್ ಇನ್ನೂ ನಡೆಯುತ್ತಿದ್ದರೆ ಇವತ್ತೇ ಆ ಸಂಖ್ಯೆಯನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ.

ಹೆಜ್ಜೆ 2: ಸತ್ತಿದ್ದು ಯಾವ ಭಾಗ?

‘ಲ್ಯಾಪ್‌ಟಾಪ್ ಹಾಳಾಯಿತು’ ಅಂತ ನನ್ನ ಬಳಿ ಬರುವವರಲ್ಲಿ ಹೆಚ್ಚಿನವರ ದೂರು ಒಂದೇ: ನಿಧಾನ. ಆನ್ ಮಾಡಿ ಚಹಾ ಕುಡಿದು ಬಂದರೂ ತೆರೆದಿರುವುದಿಲ್ಲ. ಟಾಸ್ಕ್ ಮ್ಯಾನೇಜರ್ ತೆರೆದು ‘ಡಿಸ್ಕ್’ ಅನ್ನುವ ಸಾಲು ನೋಡಿ. ಸುಮ್ನೆ ಕೂತಾಗಲೂ 100 ಪರ್ಸೆಂಟ್ ತೋರಿಸುತ್ತಿದ್ದರೆ, ಒಳಗೆ ತಿರುಗುವ ಹಾರ್ಡ್ ಡಿಸ್ಕ್ ಇದೆ ಮತ್ತು ಅದಕ್ಕೆ ಸುಸ್ತಾಗಿದೆ. ಅಂಥ ಡಿಸ್ಕ್ ಸೆಕೆಂಡಿಗೆ ಸುಮಾರು 100 ಎಂಬಿ ಓದುತ್ತದೆ. ಅದರ ಜಾಗಕ್ಕೆ ತಿರುಗುವ ಭಾಗವೇ ಇಲ್ಲದ ಸಾಟಾ ಎಸ್‌ಎಸ್‌ಡಿ ಡಿಸ್ಕ್ ಹಾಕಿದರೆ 500 ಎಂಬಿ ದಾಟುತ್ತದೆ. ಸಣ್ಣ ಸಣ್ಣ ಫೈಲುಗಳ ವಿಷಯದಲ್ಲಿ ಅಂತರ ಇನ್ನೂ ದೊಡ್ಡದು. ಜೊತೆಗೆ ರ‍್ಯಾಮ್ 4 ಜಿಬಿ ಇದ್ದದ್ದು 8 ಆದರೆ, ಹೊಸದು ಕೊಳ್ಳುವ ಮಾತನ್ನು ಎರಡು ವರ್ಷ ಮುಂದೂಡಬಹುದು.

ಬ್ಯಾಟರಿಯನ್ನೂ ಊಹೆಯಿಂದ ಅಳೆಯಬೇಡಿ. ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷ್ ಅಕ್ಷರಗಳಲ್ಲಿ ‘ಪವರ್’ ಅಂತ ಬರೆದು, ಅದಕ್ಕೆ ಅಂಟಿಕೊಂಡಂತೆ ಸಿ, ಎಫ್, ಜಿ ಬರೆಯಿರಿ. ಒಂದು ಜಾಗ ಬಿಟ್ಟು, ಪ್ರಶ್ನೆ ಚಿಹ್ನೆಯ ಕೀಲಿಯಲ್ಲೇ ಇರುವ ಓರೆಗೆರೆ ಹಾಕಿ ‘ಬ್ಯಾಟರಿ ರಿಪೋರ್ಟ್’ ಎಂಬ ಎರಡು ಪದಗಳನ್ನು ಒಂದೇ ಪದವಾಗಿ ಬರೆದು ಎಂಟರ್ ಒತ್ತಿ. ಒಂದು ವರದಿ ತಯಾರಾಗುತ್ತದೆ, ಎಲ್ಲಿದೆ ಅಂತ ಅದೇ ಹೇಳುತ್ತದೆ. ಅದರಲ್ಲಿ ‘ಡಿಸೈನ್ ಕೆಪ್ಯಾಸಿಟಿ’ ಎಂದರೆ ಹುಟ್ಟಿದಾಗಿನ ಶಕ್ತಿ, ‘ಫುಲ್ ಚಾರ್ಜ್ ಕೆಪ್ಯಾಸಿಟಿ’ ಎಂದರೆ ಈಗಿನದು. ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಕಡಿಮೆ ಇದ್ದರೆ ಬ್ಯಾಟರಿ ಬದಲಿಸಬೇಕು. ಲ್ಯಾಪ್‌ಟಾಪ್ ಅಲ್ಲ.

ಆದರೆ ಟಚ್‌ಪ್ಯಾಡ್ ಉಬ್ಬಿದೆಯಾ, ತಳ ಮೇಜಿನ ಮೇಲೆ ಸರಿಯಾಗಿ ಕೂರುತ್ತಿಲ್ಲವಾ? ಬ್ಯಾಟರಿ ಊದಿಕೊಂಡಿದೆ ಅಂತ ಅರ್ಥ. ಆ ಕ್ಷಣವೇ ಚಾರ್ಜರ್ ತೆಗೆಯಿರಿ, ಆಫ್ ಮಾಡಿ. ಒತ್ತಿ ಸರಿ ಮಾಡಲು ಹೋಗಬೇಡಿ. ಚುಚ್ಚುವುದಂತೂ ಬೇಡವೇ ಬೇಡ, ಬೆಂಕಿ ಹತ್ತುತ್ತದೆ.

ಕೀಬೋರ್ಡ್, ಪರದೆ, ಹಿಂಜ್ ಇವೆಲ್ಲ ಬದಲಿಸಬಹುದಾದ ಭಾಗಗಳೇ. ಮದರ್‌ಬೋರ್ಡ್ ಹೋದರೆ ಮಾತ್ರ ಲೆಕ್ಕ ಬೇರೆ. ಎರಡು ಕಡೆ ಎಸ್ಟಿಮೇಟ್ ಕೇಳಿ. ನಾನು ಇಟ್ಟುಕೊಂಡಿರುವ ಅಳತೆ ಇದು: ನನ್ನ ಯಂತ್ರದಷ್ಟೇ ಬಲ ಇರುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿಗೆ ಎಷ್ಟಾಗುತ್ತದೋ ಅದರ ಅರ್ಧಕ್ಕಿಂತ ರಿಪೇರಿ ಖರ್ಚು ಜಾಸ್ತಿಯಾದರೆ ಕೈಬಿಡುವುದು. ನನಗೆ ಹಿಂಜ್, ಮೇಲಿನ ಕವಚ, ಪರದೆಯ ಕೇಬಲ್, ಬ್ಯಾಟರಿ ಎಲ್ಲ ಸೇರಿ ಹನ್ನೊಂದು ಸಾವಿರ ಹೇಳಿದರು. ಮೂಗಿಗಿಂತ ಮೂಗುತಿ ಭಾರ.

ಇನ್ನೊಂದು ಕಾರಣವೂ ಇತ್ತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಸುರಕ್ಷತಾ ಅಪ್‌ಡೇಟ್ ಕೊಡುವ ಯೋಜನೆಗೂ 2026ರ ಅಕ್ಟೋಬರ್ 13ರ ಗಡುವು ಹಾಕಿದರು. ವಿಂಡೋಸ್ 11 ಹಾಕೋಣ ಅಂದರೆ ಅದು ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಕೇಳುತ್ತದೆ, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಕೇಳುತ್ತದೆ. ನನ್ನದು ಐ5 7200ಯು. 7ನೇ ತಲೆಮಾರು. ಒಂದೇ ಮೆಟ್ಟಿಲಲ್ಲಿ ತಪ್ಪಿತು. ನಿಮ್ಮದಕ್ಕೆ ಆಗುತ್ತದಾ ಅಂತ ಮೈಕ್ರೋಸಾಫ್ಟ್‌ನ ಉಚಿತ ‘ಪಿಸಿ ಹೆಲ್ತ್ ಚೆಕ್’ ಆ್ಯಪ್ ಹೇಳುತ್ತದೆ. ಆಗದಿದ್ದರೆ ಯಂತ್ರವನ್ನು ಎಸೆಯಬೇಕಾಗಿಲ್ಲ, ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಮಿಂಟ್ ಹಾಕಬಹುದು. ಆದರೆ ಬ್ಯಾಂಕ್ ಕೆಲಸ ಮಾಡುವ ಯಂತ್ರದಲ್ಲಿ ಅಪ್‌ಡೇಟ್ ನಿಂತ ವಿಂಡೋಸ್ ಇಟ್ಟುಕೊಂಡು ಕೂರುವುದು ಸರಿಯಲ್ಲ.

ಹೆಜ್ಜೆ 3: ದೂರಿನ ಪಟ್ಟಿ ಬರೆಯಿರಿ

ಅಂಗಡಿಯವನು ‘ಏನಕ್ಕೆ ಸರ್ ಬೇಕು?’ ಅಂತ ಕೇಳುತ್ತಾನೆ. ನಾವು ‘ಎಲ್ಲದಕ್ಕೂ’ ಅನ್ನುತ್ತೇವೆ. ಅಲ್ಲಿಗೆ ಅವನ ಕೆಲಸ ಸುಲಭವಾಯಿತು. ಹಾಗೆ ಹೇಳುವ ಬದಲು ಹಳೆಯದರ ಮೇಲಿನ ಸಿಟ್ಟನ್ನೆಲ್ಲ ಒಂದು ಹಾಳೆಯಲ್ಲಿ ಇಳಿಸಿ. ನನ್ನ ಹಾಳೆಯಲ್ಲಿ ಇದ್ದದ್ದು ಇಷ್ಟು: ಹಗಲು ಜಗಲಿಯಲ್ಲಿ ಕೂತರೆ ಪರದೆ ಕಾಣುವುದಿಲ್ಲ. ಕರೆಂಟ್ ಹೋದ ಮೇಲೆ ನಲವತ್ತು ನಿಮಿಷ ಮಾತ್ರ. ಸಾಲು ಸಾಲು ಪುಟ ಓದುವಾಗ ಪರದೆಯ ಎತ್ತರ ಸಾಲದು. ಹಿಂಜ್.

ಗೇಮ್, ವಿಡಿಯೋ ಎಡಿಟಿಂಗ್ ಯಾವುದೂ ಆ ಹಾಳೆಯಲ್ಲಿ ಇರಲಿಲ್ಲ. ಅಂದ ಮೇಲೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಕೊಡುವ ಕಾರಣವೇ ಇಲ್ಲ. ಅದು ಬ್ಯಾಟರಿ ತಿನ್ನುತ್ತದೆ, ತೂಕ ಕೂಡಿಸುತ್ತದೆ, ಫ್ಯಾನ್ ಸದ್ದು ಮಾಡುತ್ತದೆ.

ಹಳೆಯದಕ್ಕೆ ಏನೇನು ಚುಚ್ಚುತ್ತಿದ್ದಿರಿ ಅನ್ನುವುದನ್ನೂ ಬರೆಯಿರಿ. ತೆರಿಗೆ ಕೆಲಸ ಮಾಡುವವರ ಡಿಜಿಟಲ್ ಸಹಿಯ ಟೋಕನ್ ಹಳೇ ಅಗಲ ಯುಎಸ್‌ಬಿಯದು. ಎಷ್ಟೋ ಶಾಲೆಗಳ ಪ್ರೊಜೆಕ್ಟರ್ ಇನ್ನೂ ನೀಲಿ ಬಾಯಿಯ ವಿಜಿಎ. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಕೆಲವಕ್ಕೆ ಯುಎಸ್‌ಬಿ-ಸಿ ಎರಡೇ ತೂತು. ಅಡಾಪ್ಟರ್ ಸಿಗುತ್ತದೆ ನಿಜ, ಆದರೆ ಬೇಕಾದ ದಿನ ಅದು ಮನೆಯಲ್ಲಿರುತ್ತದೆ.

ಕನ್ನಡದಲ್ಲಿ ಬರೆಯುವವರು ಇನ್ನೊಂದು ಸಾಲು ಸೇರಿಸಬೇಕು: ನನ್ನ ಹಳೇ ಫೈಲುಗಳು ಹೊಸದರಲ್ಲಿ ತೆರೆಯುತ್ತವಾ? ಎಲ್ಲ ಯಂತ್ರಕ್ಕೂ ಅರ್ಥವಾಗುವ ಯೂನಿಕೋಡ್‌ನಲ್ಲಿ ಬರೆದಿದ್ದರೆ ಚಿಂತೆಯಿಲ್ಲ. ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಬರೆದ ಫೈಲುಗಳು ಮಾತ್ರ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಹಳೆಯದರ ಫಾಂಟ್ಸ್ ಫೋಲ್ಡರನ್ನೂ ನಕಲು ಮಾಡಿಕೊಳ್ಳಿ. ಮುಖ್ಯವಾದ ಕಡತಗಳನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್‌ಗೆ ತಂದುಬಿಡಿ. ನುಡಿ ವಿಂಡೋಸ್ ತಂತ್ರಾಂಶ. ಮ್ಯಾಕ್‌ಬುಕ್ ಅಥವಾ ಕ್ರೋಮ್‌ಬುಕ್ ಕೊಳ್ಳುವವರಿಗೆ ಇದು ಮೊದಲೇ ಗೊತ್ತಿರಲಿ. ಮ್ಯಾಕ್‌ನಲ್ಲಿ ಕನ್ನಡದ ಕೀಲಿಮಣೆ ಜೊತೆಗೇ ಬರುತ್ತದೆ, ಆದರೆ ನುಡಿಯ ಕೆ.ಪಿ. ರಾವ್ ಕೀಲಿ ವಿನ್ಯಾಸಕ್ಕೆ ಒಗ್ಗಿದ ಬೆರಳುಗಳು ಸ್ವಲ್ಪ ದಿನ ಒದ್ದಾಡುತ್ತವೆ. ವಿಂಡೋಸ್‌ನಲ್ಲೂ ‘ಎಸ್ ಮೋಡ್’ ಇದ್ದರೆ ಮೈಕ್ರೋಸಾಫ್ಟ್ ಸ್ಟೋರಿನ ಹೊರಗಿನದು ಯಾವುದೂ ಹಾಕಲು ಬರುವುದಿಲ್ಲ. ಅದರಿಂದ ದುಡ್ಡಿಲ್ಲದೆ ಹೊರಬರಬಹುದು, ವಾಪಸ್ ಹೋಗಲಾಗದು. ವಾಪಸ್ ಹೋಗುವ ಅಗತ್ಯವೂ ಬೀಳುವುದಿಲ್ಲ ಬಿಡಿ.

ಸ್ನಾಪ್‌ಡ್ರಾಗನ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪ್‌ಗಳು ಬ್ಯಾಟರಿಯಲ್ಲಿ ಮುಂದು. ಆದರೆ ಹಳೇ ಪ್ರಿಂಟರ್, ಸ್ಕ್ಯಾನರ್, ಸಹಿ ಟೋಕನ್‌ಗಳ ಡ್ರೈವರ್, ಅಂದರೆ ಅವನ್ನು ನಡೆಸುವ ತಂತ್ರಾಂಶ, ಆ ಚಿಪ್‌ಗೆಂದೇ ಬರೆದದ್ದು ಇರಬೇಕು. ಇಲ್ಲದಿದ್ದರೆ ಅವು ಕೆಲಸ ಮಾಡುವುದಿಲ್ಲ. ಕಚೇರಿ ಕೆಲಸದವರು ಇದನ್ನು ಕೇಳದೆ ಕೊಳ್ಳಬೇಡಿ.

ಹೆಜ್ಜೆ 4: ಸ್ಟಿಕ್ಕರ್ ಓದುವುದು

ಪ್ರೊಸೆಸರ್ ಹೆಸರು ಓದಲು ಕಲಿತರೆ ಅರ್ಧ ಮೋಸ ತಪ್ಪುತ್ತದೆ. ‘ಐ5 ಇದೆ ಸರ್’ ಅನ್ನುವ ಮಾತಿಗೆ ಅರ್ಥವೇ ಇಲ್ಲ. ಯಾವ ವರ್ಷದ ಐ5? ಹಿಂದಿನ ಅಂಕಿ ನೋಡಿ. 8250ಯು ಅಂದರೆ 8ನೇ ತಲೆಮಾರು. 1235ಯು ಅಂದರೆ 12ನೇದು, 1335ಯು ಅಂದರೆ 13ನೇದು. ಕೊನೆಯ ಅಕ್ಷರ ಯು ಇದ್ದರೆ ಕರೆಂಟ್ ಉಳಿಸುವ ಬಗೆ, ಎಚ್ ಇದ್ದರೆ ಬಲ ಜಾಸ್ತಿ, ಬಿಸಿಯೂ ಜಾಸ್ತಿ. 2023ರ ಕೊನೆಯಿಂದ ಇಂಟೆಲ್ ‘ಐ’ ಬಿಟ್ಟು ‘ಕೋರ್ 5’, ‘ಕೋರ್ ಅಲ್ಟ್ರಾ 5’ ಅಂತ ಹೆಸರಿಡತೊಡಗಿತು. ಇವೆರಡೂ ಒಂದೇ ಅಲ್ಲ. ‘ಅಲ್ಟ್ರಾ’ ಇಲ್ಲದ ಕೋರ್ 5 120ಯು ಹಿಂದಿನ ವಿನ್ಯಾಸದ್ದೇ, ಹೊಸ ಅಂಗಿ ಹಾಕಿಕೊಂಡಿದೆ. ಕೆಟ್ಟದ್ದಲ್ಲ. ಆದರೆ ಹೊಸ ಹೆಸರಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ.

ಎಎಂಡಿಯವರ ಕಸರತ್ತು ಇನ್ನೂ ಚೆಂದ. ರೈಜನ್ 5 7520ಯು, 7530ಯು, 7540ಯು. ಕೇಳಿದರೆ ಅಕ್ಕತಂಗಿಯರಂತಿವೆ, ಅಲ್ವಾ? ಗುಟ್ಟಿರುವುದು ಮೂರನೇ ಅಂಕಿಯಲ್ಲಿ. 2 ಇದ್ದರೆ ಒಳಗಿರುವುದು 2019ರಲ್ಲಿ ಬಂದ ಜೆನ್ 2 ವಿನ್ಯಾಸ, 3 ಇದ್ದರೆ ಜೆನ್ 3, 4 ಇದ್ದರೆ ಜೆನ್ 4. ಮೇಲಾಗಿ 7520ಯು ಜೊತೆ ಬರುವ ರ‍್ಯಾಮ್ ಬೋರ್ಡಿಗೆ ಬೆಸೆದೇ ಇರುತ್ತದೆ. 8 ಜಿಬಿ ಕೊಂಡರೆ ಸಾಯುವವರೆಗೂ 8 ಜಿಬಿ. ಅಗ್ಗ ಅಂತ ಅದನ್ನು ಕೊಂಡ ಕಾಲೇಜು ಹುಡುಗನೊಬ್ಬ ಎರಡನೇ ವರ್ಷದಲ್ಲಿ ರ‍್ಯಾಮ್ ಹಾಕಿಸಲು ನನ್ನ ಬಳಿ ಬಂದಿದ್ದ. ಬಿಚ್ಚಿ ತೋರಿಸಿ ಮತ್ತೆ ಮುಚ್ಚಿದೆ, ಅಷ್ಟೇ ನನ್ನಿಂದ ಆಗಿದ್ದು.

ಸೆಲೆರಾನ್ ಎನ್4020ರಂಥವು, ಅದರ ಜೊತೆ 64 ಜಿಬಿಯ ಇಎಂಎಂಸಿ ಎಂಬ ಬೆಸೆದ ಸಂಗ್ರಹ ಇರುವ ಲ್ಯಾಪ್‌ಟಾಪ್‌ಗಳು ಎಷ್ಟೇ ಅಗ್ಗವಾದರೂ ಬೇಡ. ವಿಂಡೋಸ್ ಅಪ್‌ಡೇಟ್‌ಗೇ ಅಲ್ಲಿ ಜಾಗ ಸಾಲುವುದಿಲ್ಲ.

ರ‍್ಯಾಮ್ ವಿಷಯದಲ್ಲಿ ನನ್ನ ಮಾತು ಸ್ವಲ್ಪ ಗಟ್ಟಿ: ಐದು ವರ್ಷ ಬಾಳಬೇಕಾದರೆ 16 ಜಿಬಿ. ಬರವಣಿಗೆ, ಬ್ರೌಸಿಂಗ್ ಅಷ್ಟೇ ಇರುವವರಿಗೆ ಈಗ 8 ಸಾಕು, ಆದರೆ ಖಾಲಿ ಸ್ಲಾಟ್ ಇರಬೇಕು. ವಿವರ ಪುಟದಲ್ಲಿ ‘ಆನ್‌ಬೋರ್ಡ್’, ‘ಸೋಲ್ಡರ್ಡ್’, ‘ಎಲ್‌ಪಿಡಿಡಿಆರ್’ ಅಂತ ಇದ್ದರೆ ಬೆಸೆದದ್ದು. ‘ಎಸ್ಒ-ಡಿಮ್’ ಅಂತ ಇದ್ದರೆ ಬದಲಿಸಬಹುದು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳತೊಡಗಿದ ಮೇಲೆ, 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ವಿಪರೀತ ಏರಿತು. ‘ಆಮೇಲೆ ಹಾಕಿಸಿದರಾಯಿತು’ ಅನ್ನುವ ಹಳೇ ಲೆಕ್ಕ ಈಗ ಕೆಲವೊಮ್ಮೆ ಉಲ್ಟಾ ಹೊಡೆಯುತ್ತದೆ. 8 ಜಿಬಿಯದರ ಬೆಲೆಗೆ ಆಮೇಲೆ ಹಾಕಿಸುವುದರ ಬೆಲೆ ಕೂಡಿ, 16 ಜಿಬಿಯದರ ಜೊತೆ ಹೋಲಿಸಿ ನೋಡಿ. ಎಸ್‌ಎಸ್‌ಡಿ 512 ಜಿಬಿ ಇದ್ದರೆ ಸಾಕು.

ಇನ್ನು ಪರದೆ. ಯಾರೂ ಕೇಳುವುದಿಲ್ಲ, ಎಲ್ಲರೂ ಅನುಭವಿಸುತ್ತಾರೆ. ಅಗ್ಗದ ಲ್ಯಾಪ್‌ಟಾಪ್‌ಗಳ ಪರದೆ 250 ನಿಟ್ಸ್, 45 ಪರ್ಸೆಂಟ್ ಎನ್‌ಟಿಎಸ್‌ಸಿ ಅಂತ ಬರೆದಿರುತ್ತದೆ. ಬೆಳಕು ಕಡಿಮೆ, ಬಣ್ಣ ಸಪ್ಪೆ ಅಂತ ಅದರ ಕನ್ನಡ. ಮನೆಯೊಳಗೆ ನಡೆಯುತ್ತದೆ. ಕಿಟಕಿ ಪಕ್ಕ, ಜಗಲಿಯಲ್ಲಿ ಕೂರುವವರಿಗೆ 300 ನಿಟ್ಸ್ ಮೇಲೆ ಬೇಕು, ಹೊಳೆಯದ ಮೇಲ್ಮೈ ಬೇಕು. ಟಿಎನ್ ಪರದೆಯಾದರೆ ಸ್ವಲ್ಪ ಓರೆಯಾದರೂ ಬಣ್ಣ ತಿರುಗುತ್ತದೆ, ಐಪಿಎಸ್ ಕೇಳಿ. ಓದು ಬರಹ ಜಾಸ್ತಿ ಇರುವವರು 16:9ರ ಬದಲು 16:10 ಅಳತೆಯದನ್ನು ಒಮ್ಮೆ ನೋಡಿ. ಪುಟದಲ್ಲಿ ಎರಡು ಮೂರು ಸಾಲು ಹೆಚ್ಚು ಕಾಣುತ್ತದೆ. ದಿನಕ್ಕೆ ಎಂಟು ಗಂಟೆ ಕರಡು ನೋಡುವವನಿಗೆ ಅದು ಪ್ರೊಸೆಸರಿಗಿಂತ ದೊಡ್ಡ ವಿಷಯ.

ಹೆಜ್ಜೆ 5: ಹೊಸದಾ, ರಿಫರ್ಬಿಷ್ಡ್ ಆ?

ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಹಿಂತಿರುಗಿಸಿದ ಲ್ಯಾಪ್‌ಟಾಪ್‌ಗಳು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ, ಅಂದರೆ ಸಾದರ್ ಪತ್ರಪ್ಪ ರಸ್ತೆಯ ಓಣಿಗಳಲ್ಲಿ, ಗುಡ್ಡೆ ಬಿದ್ದಿರುತ್ತವೆ. ಆನ್‌ಲೈನಿನಲ್ಲೂ ಸಿಗುತ್ತವೆ. ಲೆನೊವೊದ ಥಿಂಕ್‌ಪ್ಯಾಡ್ ಟಿ ಸರಣಿ, ಡೆಲ್‌ನ ಲ್ಯಾಟಿಟ್ಯೂಡ್, ಎಚ್‌ಪಿಯ ಎಲೈಟ್‌ಬುಕ್ ಇವೆಲ್ಲ ಕಚೇರಿಗೆಂದೇ ಮಾಡಿದವು. ಹಿಂಜ್ ಗಟ್ಟಿ, ಕೀಬೋರ್ಡ್ ಚೆನ್ನ, ಬಿಚ್ಚಲು ಸುಲಭ. ಅದೇ ದುಡ್ಡಿಗೆ ಸಿಗುವ ಹೊಸ ಪ್ಲಾಸ್ಟಿಕ್ ಲ್ಯಾಪ್‌ಟಾಪಿಗಿಂತ ಇವೇ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಒಂದು ಷರತ್ತು: 8ನೇ ತಲೆಮಾರಿಗಿಂತ ಹಳೆಯದು ಬೇಡ. 2018ರ ಥಿಂಕ್‌ಪ್ಯಾಡ್ ಟಿ480 ಸಾಮಾನ್ಯವಾಗಿ ಈ ಗಡಿಯ ಒಳಗೆ ಬರುತ್ತದೆ. ಆದರೂ ಈಗ ಕೊಳ್ಳುವವರು 10, 11ನೇ ತಲೆಮಾರಿನದನ್ನು ಹುಡುಕಿದರೆ ಒಳ್ಳೆಯದು.

ಅಂಗಡಿಯಲ್ಲಿ ಅರ್ಧ ಗಂಟೆ ಕೂರಲು ಬಿಡದಿದ್ದರೆ ಎದ್ದು ಬನ್ನಿ. ಬಿಟ್ಟರೆ ಈ ಕ್ರಮದಲ್ಲಿ ನೋಡಿ. ಮೊದಲು ಆಫ್ ಮಾಡಿ ಬಯೋಸ್ ಒಳಗೆ, ಅಂದರೆ ವಿಂಡೋಸ್‌ಗಿಂತ ಮುಂಚೆ ತೆರೆಯುವ ಸೆಟ್ಟಿಂಗ್ ಪುಟಕ್ಕೆ, ಹೋಗಿ. ಪಾಸ್‌ವರ್ಡ್ ಕೇಳಿದರೆ ಆ ಯಂತ್ರ ಬೇಡ. ಒಳಗೆ ‘ಕಂಪ್ಯೂಟ್ರೇಸ್’ ಅಥವಾ ‘ಅಬ್ಸಲ್ಯೂಟ್’ ಚಾಲೂ ಇದ್ದರೆ ಅದೂ ಬೇಡ, ಕಳ್ಳತನ ಪತ್ತೆಗೆ ಕಂಪನಿಗಳು ಹಾಕುವ ಕಾವಲು ಅದು. ಆಮೇಲೆ ವಿಂಡೋಸ್ ರೀಸೆಟ್ ಮಾಡಿಸಿ, ನಿಮ್ಮ ಫೋನಿನ ಹಾಟ್‌ಸ್ಪಾಟ್ ಕೊಟ್ಟು ಸೆಟಪ್ ಶುರು ಮಾಡಿ. ಯಾವುದೋ ಕಂಪನಿಯ ಹೆಸರು ತೋರಿಸಿ ಅಲ್ಲಿಯ ಇಮೇಲ್ ಕೇಳಿತಾ? ಆ ಕಂಪನಿ ಅದನ್ನು ತನ್ನ ಲೆಕ್ಕದಿಂದ ಬಿಟ್ಟಿಲ್ಲ. ಇಂಟರ್ನೆಟ್ ಇಲ್ಲದೆ ಸೆಟಪ್ ಮಾಡಿ ತೋರಿಸುವ ಅಂಗಡಿಯವರು ಇದನ್ನು ಮುಚ್ಚಿಡಬಹುದು. ಮ್ಯಾಕ್‌ಬುಕ್ ಆದರೆ ಹಳೇ ಮಾಲೀಕರ ಖಾತೆಯ ಬೀಗ, ‘ಆ್ಯಕ್ಟಿವೇಷನ್ ಲಾಕ್’, ಹೋಗಿದೆಯಾ ಅಂತ ಖಚಿತ ಮಾಡಿಕೊಳ್ಳಿ. 2020ರ ನವೆಂಬರಿನಲ್ಲಿ ಬಂದ ಎಂ1 ಚಿಪ್‌ಗಿಂತ ಮುಂಚಿನ, ಇಂಟೆಲ್ ಒಳಗಿರುವ ಮ್ಯಾಕ್‌ಗಳ ಕಡೆ ಕಣ್ಣು ಹಾಯಿಸಬೇಡಿ.

ನಂತರ ಬ್ಯಾಟರಿ ವರದಿ ತೆಗೆಯಿರಿ. ‘ಕ್ರಿಸ್ಟಲ್‌ಡಿಸ್ಕ್‌ಇನ್ಫೋ’ ಹಾಕಿ ಡಿಸ್ಕಿನ ಆರೋಗ್ಯ, ಅದು ಓಡಿದ ಗಂಟೆ ನೋಡಿ. ಪರದೆಯನ್ನು ಪೂರ್ತಿ ಬಿಳಿ, ಪೂರ್ತಿ ಕಪ್ಪು ಮಾಡಿ ಚುಕ್ಕಿ, ಕಲೆ ಹುಡುಕಿ. ಎಲ್ಲ ಕೀಲಿ ಒತ್ತಿ, ಎಲ್ಲ ಯುಎಸ್‌ಬಿ ತೂತಿಗೂ ಪೆನ್‌ಡ್ರೈವ್ ಹಾಕಿ. ಕ್ಯಾಮೆರಾ, ಮೈಕ್ ಸಹ. ಮುಚ್ಚಳವನ್ನು ಹತ್ತು ಸಲ ತೆರೆದು ಮುಚ್ಚಿ, ಕಿವಿ ಹಿಂಜ್ ಕಡೆ ಇರಲಿ. ಕೊನೆಗೆ ಜಿಎಸ್‌ಟಿ ಬಿಲ್. ಬಿಲ್ಲಿನ ಸೀರಿಯಲ್ ನಂಬರೂ ಯಂತ್ರದ ತಳದ ನಂಬರೂ ಒಂದೇ ಇರಬೇಕು.

ಹೆಜ್ಜೆ 6: ನಿಮ್ಮ ಊರನ್ನು ಮರೆಯಬೇಡಿ

ಲ್ಯಾಪ್‌ಟಾಪ್ ವಿಮರ್ಶೆಗಳನ್ನೆಲ್ಲ ಎಸಿ ಕೋಣೆಯಲ್ಲಿ ಕೂತು ಮಾಡಿರುತ್ತಾರೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೇ ಬೂಸಲು ಬರುತ್ತದೆ. ಕರಾವಳಿಯಲ್ಲಿ ಉಪ್ಪುಗಾಳಿ ಪೋರ್ಟ್‌ಗಳ ತಗಡನ್ನು ತಿನ್ನುತ್ತದೆ. ರಾಯಚೂರು, ಕಲಬುರಗಿ ಕಡೆ ಧೂಳು ಮತ್ತು ಬಿಸಿಲು, ಫ್ಯಾನ್ ಇಲ್ಲದ ತೆಳು ಲ್ಯಾಪ್‌ಟಾಪ್ ಏಪ್ರಿಲ್ ಮಧ್ಯಾಹ್ನದಲ್ಲಿ ತಾನಾಗಿಯೇ ನಿಧಾನವಾಗುತ್ತದೆ. ಮಲೆನಾಡಿನವರು ದಿನಾ ಬಳಸುವುದೇ ದೊಡ್ಡ ಮದ್ದು. ಒಳಗಿನ ಬಿಸಿಗೆ ತೇವ ಆರುತ್ತದೆ. ತಿಂಗಳುಗಟ್ಟಲೆ ಬ್ಯಾಗಿನಲ್ಲಿ ಮುಚ್ಚಿಟ್ಟ ಯಂತ್ರದಲ್ಲೇ ಇರುವೆ ಗೂಡು ಕಟ್ಟುವುದು. ನಾನೇ ಕೀಬೋರ್ಡ್ ಅಡಿಯಿಂದ ಮೊಟ್ಟೆ ಸಮೇತ ಗುಡಿಸಿದ್ದೇನೆ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಚಾರ್ಜರನ್ನು ಗೋಡೆಯಿಂದ ಕಿತ್ತುಬಿಡಿ. ಸ್ವಿಚ್ ಆರಿಸಿದರೆ ಸಾಲದು. ಲೋಹದ ಮೈಯ ಲ್ಯಾಪ್‌ಟಾಪ್ ಚಾರ್ಜ್‌ಗೆ ಹಾಕಿದಾಗ ಕೈಗೆ ಜುಮ್ ಅಂದರೆ ಮನೆಯ ಅರ್ಥಿಂಗ್ ನೋಡಿಸಿ. ಕರೆಂಟ್ ಕಣ್ಣಾಮುಚ್ಚಾಲೆ ಆಡುವ ಊರಿನವರಿಗೆ ಯುಎಸ್‌ಬಿ-ಸಿಯಿಂದ ಚಾರ್ಜ್ ಆಗುವ ಲ್ಯಾಪ್‌ಟಾಪ್ ಒಳ್ಳೆಯದು. ಚಾರ್ಜರ್ ಸುಟ್ಟರೆ ಅದೇ ಊರಿನ ಮೊಬೈಲ್ ಅಂಗಡಿಯಲ್ಲಿ 65 ವ್ಯಾಟ್‌ನದು ಸಿಗಬಹುದು, ಹುಬ್ಬಳ್ಳಿಗೆ ಹೋಗಬೇಕಾಗಿಲ್ಲ.

ಹುಬ್ಬಳ್ಳಿ ಅಂದೆ. ಶಿರಸಿಯಿಂದ ನೂರು ಕಿಲೋಮೀಟರ್ ಹತ್ತಿರ. ಕೊಡಲು ಒಂದು ಸಲ, ತರಲು ಒಂದು ಸಲ. ಎರಡು ದಿನದ ದುಡಿಮೆ ಹೋಯಿತು. ಆದ್ದರಿಂದ ವಾರಂಟಿ ಎಷ್ಟು ವರ್ಷ ಅಂತ ಕೇಳುವ ಮೊದಲು ಎಂಥ ವಾರಂಟಿ ಅಂತ ಕೇಳಿ. ‘ಕ್ಯಾರಿ-ಇನ್’ ಅಂದರೆ ನೀವು ಹೊತ್ತೊಯ್ಯಬೇಕು. ‘ಆನ್‌ಸೈಟ್’ ಅಂದರೆ ಅವರೇ ಬರಬೇಕು. ಆನ್‌ಸೈಟ್ ಅಂತ ಬರೆದಿದ್ದರೂ ನಿಮ್ಮ ಪಿನ್‌ಕೋಡಿಗೆ ಬರುತ್ತಾರಾ ಅನ್ನುವುದು ಬೇರೆ ಪ್ರಶ್ನೆ. ಕೊಳ್ಳುವ ಮುಂಚೆಯೇ ಆ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿ ಪಿನ್‌ಕೋಡ್ ಹೇಳಿ ಕೇಳಿ. ಹೀಗೆ ಕೇಳಿದ್ದಕ್ಕೇ ನಾನು ಮೆಚ್ಚಿಕೊಂಡಿದ್ದ ಒಂದು ಮಾಡೆಲನ್ನು ಬಿಟ್ಟುಕೊಟ್ಟೆ.

ಹೆಜ್ಜೆ 7: ದುಡ್ಡು ಕೊಡುವಾಗ

ಜೂನ್-ಜುಲೈ ಕಾಲೇಜು ಶುರುವಾಗುವಾಗ, ಆಮೇಲೆ ದಸರಾ-ದೀಪಾವಳಿ ಹೊತ್ತಿಗೆ ಕೊಡುಗೆಗಳು ಜಾಸ್ತಿ. ಕಾಯಲು ಆಗುವವರು ಕಾಯಿರಿ. ‘ನೋ ಕಾಸ್ಟ್ ಇಎಂಐ’ ಅಂದರೆ ಪೂರ್ತಿ ಬಿಟ್ಟಿ ಅಲ್ಲ. ಬಡ್ಡಿಯಷ್ಟು ಮೊತ್ತವನ್ನು ರಿಯಾಯಿತಿ ಅಂತ ಕಳೆದಿರುತ್ತಾರೆ, ಆ ಬಡ್ಡಿಯ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ, ಪ್ರೊಸೆಸಿಂಗ್ ಶುಲ್ಕ ನಿಮ್ಮ ತಲೆಗೆ. ಒಟ್ಟಿಗೆ ಕೊಟ್ಟರೆ ಎಷ್ಟು ಬಿಡುತ್ತೀರಿ ಅಂತ ಒಮ್ಮೆ ಕೇಳಿ ನೋಡಿ. ಜಿಎಸ್‌ಟಿ ನೋಂದಣಿ ಇರುವವರು ಬಿಲ್ಲಿನಲ್ಲಿ ತಮ್ಮ ನಂಬರ್ ಹಾಕಿಸಿ. ಲ್ಯಾಪ್‌ಟಾಪ್ ಮೇಲಿನ ತೆರಿಗೆಯೂ 18 ಪರ್ಸೆಂಟ್, ವ್ಯವಹಾರಕ್ಕೆ ಬಳಸಿದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಅದನ್ನು ಕಳೆಯಬಹುದು.

‘ಡಾಸ್’ ಅಂತ ಬರೆದ ಲ್ಯಾಪ್‌ಟಾಪ್‌ಗೆ ವಿಂಡೋಸ್ ಇರುವುದಿಲ್ಲ. ಲಿನಕ್ಸ್ ಹಾಕುವವರಿಗೆ ಲಾಭ. ಉಳಿದವರು ವಿಂಡೋಸ್ ಬೆಲೆ ಕೂಡಿಸಿ ನೋಡಿ.

ಆನ್‌ಲೈನಿನಲ್ಲಿ ತರಿಸಿದರೆ ಡಬ್ಬಿಯ ಅಂಟು ಕೀಳುವ ಮುಂಚಿನಿಂದ ವಿಡಿಯೋ ಮಾಡಿ, ನಡುವೆ ನಿಲ್ಲಿಸಬೇಡಿ. ನನಗೊಮ್ಮೆ ಪರದೆ ಬಿರುಕು ಬಿಟ್ಟ ಯಂತ್ರ ಬಂದಿತ್ತು. ವಿಡಿಯೋ ಇಲ್ಲದ್ದಕ್ಕೆ ಮೂರು ವಾರ ಫೋನ್ ಹಿಡಿದುಕೊಂಡೇ ಕಳೆದೆ.

ಹೆಜ್ಜೆ 8: ಮೊದಲ ವಾರ, ಮತ್ತು ಹಳೆಯದರ ಗತಿ

ಬದಲಿಸಿಕೊಳ್ಳುವ ಅವಧಿ ಸಣ್ಣದಿರುತ್ತದೆ. ಆ ದಿನಗಳಲ್ಲಿ ಚೆನ್ನಾಗಿ ದುಡಿಸಿ. ಗಂಟೆಗಟ್ಟಲೆ ವಿಡಿಯೋ ಕಾಲ್ ಮಾಡಿ, ಬ್ಯಾಟರಿ ಪೂರ್ತಿ ಇಳಿಸಿ, ವೈಫೈ ದೂರದ ಕೋಣೆಯಲ್ಲಿ ಹಿಡಿಯುತ್ತದಾ ನೋಡಿ. ಜೊತೆಗೆ ಬಂದ ಆಫೀಸ್ ತಂತ್ರಾಂಶವನ್ನು ಮೊದಲ ದಿನವೇ ನಿಮ್ಮ ಖಾತೆಗೆ ಸೇರಿಸಿ. ಭಾಷೆಯ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿ. ವಿಂಡೋಸ್‌ನಲ್ಲಿ ಇನ್‌ಸ್ಕ್ರಿಪ್ಟ್ ವಿನ್ಯಾಸದ ಜೊತೆ, ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರದಂತೆ ಒತ್ತುವ ಫೊನೆಟಿಕ್ ಕೀಲಿಮಣೆಯೂ ಈಗ ಒಳಗೇ ಇದೆ. ಬಿಟ್‌ಲಾಕರ್ ಕೀ ಬರೆದಿಡಿ, ನೆನಪಿದೆಯಲ್ಲ?

ಹಳೆಯದನ್ನು ಯಾರಿಗಾದರೂ ಕೊಡುವುದಾದರೆ ರೀಸೆಟ್ ಮಾಡುವಾಗ ‘ಎಲ್ಲ ತೆಗೆದುಹಾಕು’ ಜೊತೆಗೆ ‘ಡ್ರೈವ್ ಸ್ವಚ್ಛಗೊಳಿಸು’ ಅನ್ನುವ ಆಯ್ಕೆಯನ್ನೂ ಒತ್ತಿ. ಎಕ್ಸ್‌ಚೇಂಜ್‌ಗೆ ಕೊಡುವಾಗ ಡಿಸ್ಕನ್ನು ಕಿತ್ತಿಟ್ಟುಕೊಳ್ಳಬಹುದಾ ಅಂತ ಕೇಳಿ. ಪೂರ್ತಿ ಸತ್ತದ್ದಾದರೆ ಗುಜರಿಯವನಿಗೆ ಕೊಡಬೇಡಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆದ ಇ-ತ್ಯಾಜ್ಯ ಸಂಸ್ಕರಣೆಯವರಿಗೆ ತಲುಪಿಸಿ. ಊದಿದ ಬ್ಯಾಟರಿಯನ್ನಂತೂ ಕಸದ ಗಾಡಿಗೆ ಹಾಕಲೇಬೇಡಿ.

ನನ್ನದನ್ನು ನಾನು ಕೊಡಲಿಲ್ಲ. ಮುರಿದ ಪರದೆಯನ್ನು ಪೂರ್ತಿ ಬಿಚ್ಚಿ ತೆಗೆದೆ, ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಮಿಂಟ್ ಇಳಿಸಿದೆ, ಒಂದು ಹಳೇ ಮಾನಿಟರಿಗೆ ಜೋಡಿಸಿದೆ. ಪಕ್ಕದ ಮನೆಯ ಏಳನೇ ಕ್ಲಾಸಿನ ಹುಡುಗಿ ಈಗ ಅದರಲ್ಲಿ ಕೆ.ಪಿ. ರಾವ್ ವಿನ್ಯಾಸದಲ್ಲಿ ಕನ್ನಡ ಟೈಪಿಂಗ್ ಕಲಿಯುತ್ತಿದ್ದಾಳೆ. ಒತ್ತಕ್ಷರಕ್ಕೆ ಎಫ್ ಒತ್ತಬೇಕು ಅಂತ ನಾನು ಇನ್ನೂ ದಿನಾ ನೆನಪಿಸುತ್ತೇನೆ. ನಾನು ಕೊಂಡದ್ದು 11ನೇ ತಲೆಮಾರಿನ ಒಂದು ರಿಫರ್ಬಿಷ್ಡ್ ಯಂತ್ರ. ಮುಚ್ಚಳದ ಮೇಲೆ ಯಾವುದೋ ಕಂಪನಿಯ ಆಸ್ತಿ ಸಂಖ್ಯೆಯ ಸ್ಟಿಕ್ಕರ್ ಕಿತ್ತ ಗುರುತು ಹಾಗೇ ಇದೆ. ಹಿಂಜ್ ಮಾತ್ರ ಗಟ್ಟಿಯಾಗಿದೆ, ಎರಡು ಕೈ ಹಾಕಿಯೇ ತೆರೆಯಬೇಕು.